ಮೊಜಾಂಬಿಕ್: ವಿಚಾರಣೆಯಿಲ್ಲದೆ ಮುಗಿದ ಯುದ್ಧ, ಹಳ್ಳಿಗಳು ಮಾಡಿಕೊಂಡ ರಾಜಿ

ಪ್ರಶ್ನೆ ಕೇಳಿದವರು: ಹೊಳೆದಂಡೆ

ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಂತರ್ಯುದ್ಧ ಮುಗಿದ ಮೇಲೆ ಒಂದು ಸಮಾಜ ಮತ್ತೆ ಒಟ್ಟಿಗೆ ಬಾಳಲು ಹೇಗೆ ಅಣಿಯಾಗುತ್ತದೆ ಎಂಬ ಪಾಠಕ್ಕೆ ನಾವು ಎಂದಿನಂತೆ ದಕ್ಷಿಣ ಆಫ್ರಿಕದ ಸತ್ಯ ಮತ್ತು ಸಾಮರಸ್ಯ ಆಯೋಗವನ್ನೋ ರುವಾಂಡದ ಗಚಾಚಾ ಪಂಚಾಯಿತಿಗಳನ್ನೋ ಎತ್ತಿಕೊಳ್ಳುತ್ತೇವೆ. ಈ ಸಲ ಒಬ್ಬ ವಿದ್ಯಾರ್ಥಿನಿ ಮೊಜಾಂಬಿಕ್ ಬಗ್ಗೆ ಪ್ರಬಂಧ ಬರೆದು ತಂದಳು. ಓದಿದ ಮೇಲೆ ನನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಹುಟ್ಟಿಕೊಂಡಿವೆ.

ಸಂಗತಿ ಇಷ್ಟು. 1975ರಲ್ಲಿ ಪೋರ್ಚುಗಲ್‌ನಿಂದ ಸ್ವತಂತ್ರವಾದ ಆ ದೇಶದಲ್ಲಿ 1977ರಿಂದ 1992ರವರೆಗೆ ಫ್ರೆಲಿಮೊ ಸರ್ಕಾರಕ್ಕೂ ರೆನಾಮೊ ಬಂಡುಕೋರರಿಗೂ ಯುದ್ಧ ನಡೆಯಿತು. ಹಸಿವು, ರೋಗಗಳಿಂದ ಸತ್ತವರನ್ನೂ ಸೇರಿಸಿ ಹತ್ತು ಲಕ್ಷದಷ್ಟು ಜನ ಪ್ರಾಣ ಕಳೆದುಕೊಂಡರೆಂದು ಅಂದಾಜು. ಐವತ್ತು ಲಕ್ಷದಷ್ಟು ಜನ ನೆಲೆ ತಪ್ಪಿದರು. 1987ರ ಜುಲೈಯಲ್ಲಿ ಒಮೋಯಿನೆ ಎಂಬ ಒಂದೇ ಊರಿನಲ್ಲಿ 424 ಜನರ ಹತ್ಯೆಯಾಯಿತು. 1992ರ ಅಕ್ಟೋಬರ್ 4ರಂದು ರೋಮ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಅದೇ ತಿಂಗಳು ಸಂಸತ್ತು ಕ್ಷಮಾದಾನದ ಕಾನೂನನ್ನು ಅಂಗೀಕರಿಸಿತು. ಅಲ್ಲಿಗೆ ಮುಗಿಯಿತು: ನ್ಯಾಯಾಲಯವಿಲ್ಲ, ಆಯೋಗವಿಲ್ಲ, ಪರಿಹಾರವಿಲ್ಲ. ಹಾಗಿದ್ದೂ ಮನೆಗೆ ಮರಳಿದ ಹೋರಾಟಗಾರರ ಮೇಲೆ ಸೇಡಿನ ಅಲೆ ಏಳಲಿಲ್ಲ.

ಇದರ ಶ್ರೇಯಸ್ಸನ್ನು ವಿದ್ಯಾರ್ಥಿನಿ ಚರ್ಚುಗಳಿಗೂ ಹಳ್ಳಿಯ ವೈದ್ಯರಿಗೂ ಕೊಟ್ಟಿದ್ದಾಳೆ. ನನ್ನ ಪ್ರಶ್ನೆ ಎರಡು. ರಾಜತಾಂತ್ರಿಕರ ಕೈಯಲ್ಲಿ ಆಗದ ಯಾವ ಕೆಲಸವನ್ನು ಧರ್ಮಗುರುಗಳು ಮಾಡಿದರು, ಮತ್ತು ಕೊಂದವನೂ ಕಳೆದುಕೊಂಡವನೂ ಒಂದೇ ಬಾವಿಯ ನೀರು ಸೇದಬೇಕಾದ ಹಳ್ಳಿಯಲ್ಲಿ ರಾಜಿ ಎಂಬುದು ನಿಜವಾಗಿ ಹೇಗೆ ನಡೆಯಿತು? ಇದನ್ನು ನ್ಯಾಯವೆಂದು ಕರೆಯಬಹುದೇ, ಅಥವಾ ನೊಂದವರ ಬಾಯಿ ಮುಚ್ಚಿಸಿದ್ದನ್ನೇ ನಾವು ದೂರದಿಂದ ನೋಡಿ ಶಾಂತಿ ಎನ್ನುತ್ತಿದ್ದೇವೆಯೇ?

ಉತ್ತರ: ಹಳೆಪುಟ

ಮೊದಲನೆಯ ಪ್ರಶ್ನೆಯ ಅರ್ಧಕ್ಕೆ ನಾನು ಉತ್ತರಿಸಬಲ್ಲೆ. ಸ್ವಾತಂತ್ರ್ಯದ ಮರುವರ್ಷಗಳಿಂದ ಆರಂಭಿಸದಿದ್ದರೆ ರೋಮ್‌ನ ಮಾತುಕತೆಯ ಮಹತ್ವ ತಿಳಿಯುವುದಿಲ್ಲವಾದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

ಸಮೋರಾ ಮಾಶೆಲ್ ನೇತೃತ್ವದ ಫ್ರೆಲಿಮೊ ಸರ್ಕಾರ ಮಾರ್ಕ್ಸ್‌ವಾದವನ್ನು ಅಧಿಕೃತ ಸಿದ್ಧಾಂತವಾಗಿ ಒಪ್ಪಿಕೊಂಡಿತ್ತು. ಕ್ಯಾಥೊಲಿಕ್ ಚರ್ಚು ಪೋರ್ಚುಗೀಸ್ ಆಳ್ವಿಕೆಯ ಜೊತೆಗಾರನಾಗಿತ್ತೆಂಬ ಆರೋಪ ಹಲವು ಮಟ್ಟಿಗೆ ನಿಜವೂ ಆಗಿತ್ತು. ಮಿಷನ್ ಶಾಲೆಗಳು, ಆಸ್ಪತ್ರೆಗಳು ರಾಷ್ಟ್ರೀಕರಣಗೊಂಡವು, ಅನೇಕ ಚರ್ಚುಗಳಿಗೆ ಬೀಗ ಬಿತ್ತು. ಹಳ್ಳಿಯ ಮುಖ್ಯಸ್ಥರ ಅಧಿಕಾರವನ್ನು ರದ್ದುಪಡಿಸಿ, ನಾಟಿ ವೈದ್ಯರನ್ನೂ ಪಿತೃಗಳ ಪೂಜೆಯನ್ನೂ ಮೌಢ್ಯವೆಂದು ಹೀಗಳೆದು, ಚದುರಿ ಬಾಳುತ್ತಿದ್ದ ರೈತರನ್ನು ಸಾಮೂಹಿಕ ಗ್ರಾಮಗಳಿಗೆ ಎಬ್ಬಿಸಿ ತಂದರು. ರೆನಾಮೊ ಹುಟ್ಟಿದ್ದು ರೊಡೇಶಿಯದ ಬೇಹುಗಾರರ ಕೈಯಲ್ಲಿ, 1980ರ ನಂತರ ಅದನ್ನು ಸಾಕಿದ್ದು ವರ್ಣಭೇದದ ದಕ್ಷಿಣ ಆಫ್ರಿಕ. ಅದು ಊರುಗಳ ಮೇಲೆ ನಡೆಸಿದ ಕ್ರೌರ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಮಧ್ಯ ಮತ್ತು ಉತ್ತರದ ಗ್ರಾಮಾಂತರದಲ್ಲಿ ಅದಕ್ಕೆ ಕಾಲೂರಲು ಜಾಗ ಸಿಕ್ಕಿದ್ದಕ್ಕೆ ಈ ಅವಮಾನದ ನೆನಪೂ ಒಂದು ಕಾರಣ. ಯಾರನ್ನು ಮೌಢ್ಯದ ಪ್ರತಿನಿಧಿಗಳೆಂದು ಬದಿಗೆ ಸರಿಸಲಾಗಿತ್ತೋ ಆ ಪಾದ್ರಿಗಳು, ವೈದ್ಯರು ಮತ್ತು ಹಿರಿಯರೇ ಯುದ್ಧವನ್ನು ಮುಗಿಸುವ ಕೆಲಸಕ್ಕೆ ಬೇಕಾದರು.

ಎಂಬತ್ತರ ದಶಕದುದ್ದಕ್ಕೂ ಬಿಷಪ್ಪರು ಸರ್ಕಾರದ ಸಿಟ್ಟನ್ನು ಲೆಕ್ಕಿಸದೆ ಮಾತುಕತೆ ನಡೆಯಲಿ ಎಂದು ಪತ್ರಗಳನ್ನು ಹೊರಡಿಸಿದರು. ಪ್ರಾಟೆಸ್ಟೆಂಟ್ ಸಭೆಗಳ ಒಕ್ಕೂಟವಾದ ಮೊಜಾಂಬಿಕ್ ಕ್ರೈಸ್ತ ಪರಿಷತ್ತು ಶಾಂತಿಗಾಗಿಯೇ ಒಂದು ಆಯೋಗವನ್ನು ರಚಿಸಿಕೊಂಡಿತು. 1986ರಲ್ಲಿ ಮಾಶೆಲ್ ವಿಮಾನಾಪಘಾತದಲ್ಲಿ ತೀರಿಕೊಂಡು ಜೊವಾಕಿಂ ಶಿಸಾನೊ ಅಧ್ಯಕ್ಷರಾದ ಮೇಲೆ ಚರ್ಚುಗಳಿಗೆ ಬಂಡುಕೋರರನ್ನು ಸಂಪರ್ಕಿಸಲು ಮೌನ ಸಮ್ಮತಿ ಸಿಕ್ಕಿತು. 1988ರಲ್ಲಿ ಬೈರಾದ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವೆಸ್ ರೆನಾಮೊ ನೆಲೆಗೇ ಹೋಗಿ ಅದರ ನಾಯಕ ಅಫೊನ್ಸೊ ಡ್ಲಾಕಾಮಾ ಅವರನ್ನು ಕಂಡರು. ಇಬ್ಬರೂ ನ್ಡಾವು ಜನಾಂಗದವರು, ಇಬ್ಬರದೂ ಒಂದೇ ಮನೆಮಾತು. ದೇಶದ ಕಣ್ಣಿಗೆ ‘ಶಸ್ತ್ರಧಾರಿ ಡಕಾಯಿತ’ನಾಗಿದ್ದವನೊಡನೆ ಕುಳಿತು ಅವನ ಭಾಷೆಯಲ್ಲೇ ಮಾತನಾಡಬಲ್ಲ, ಹಾಗೆ ಮಾತನಾಡಿದ್ದಕ್ಕೆ ದ್ರೋಹಿ ಎನಿಸಿಕೊಳ್ಳದ ವ್ಯಕ್ತಿ ಆಗ ಸರ್ಕಾರದಲ್ಲಿ ಯಾರೂ ಇರಲಿಲ್ಲ.

ರೋಮ್‌ನ ಸಾಂತ್ ಎಜೀದಿಯೊ ಸಮುದಾಯದ ಪಾತ್ರವೂ ಇಂಥದೇ. 1968ರಲ್ಲಿ ಆಂದ್ರೆಯಾ ರಿಕ್ಕಾರ್ದಿ ಎಂಬ ವಿದ್ಯಾರ್ಥಿ ತನ್ನ ಗೆಳೆಯರೊಡನೆ ಆರಂಭಿಸಿದ, ನಗರದ ಬಡವರ ನಡುವೆ ಕೆಲಸ ಮಾಡುವ ಸಾಮಾನ್ಯ ಭಕ್ತರ ಕೂಟ ಅದು. ಗೊನ್ಸಾಲ್ವೆಸ್ ಅವರ ಸ್ನೇಹದ ಮೂಲಕ ಮೊಜಾಂಬಿಕ್ ಅವರಿಗೆ ಪರಿಚಯವಾಯಿತು. ಅವರು ಹಡಗಿನಲ್ಲಿ ಆಹಾರ, ಔಷಧಿ ಕಳಿಸಿದರು. ಫ್ರೆಲಿಮೊ ಪಕ್ಷದ ಮೇಲೆ ಪ್ರಭಾವವಿದ್ದ ಇಟಲಿಯ ಕಮ್ಯುನಿಸ್ಟ್ ಪಕ್ಷದ ಮೂಲಕ ಅಲ್ಲಿನ ಚರ್ಚಿನ ಕಷ್ಟವನ್ನು ಸರ್ಕಾರದ ಕಿವಿಗೆ ಮುಟ್ಟಿಸಿದರು. ಮಾತುಕತೆಗೆ ಅವರು ಬಂದು ಕುಳಿತಾಗ ಎರಡೂ ಕಡೆಯವರಿಗೆ ಅವರು ಹೊಸಬರಾಗಿರಲಿಲ್ಲ, ಮತ್ತು ಅವರ ಕೈಯಲ್ಲಿ ಒಂದು ಪೊಲೀಸ್ ಠಾಣೆಯ ಅಧಿಕಾರವೂ ಇರಲಿಲ್ಲ. ಈ ಎರಡನೆಯದನ್ನು ನಾನು ಮುಖ್ಯವೆಂದು ತಿಳಿಯುತ್ತೇನೆ. ಬೆದರಿಸಲಾರದವರ ಎದುರು ಎರಡೂ ಪಕ್ಷದವರು ಮುಖ ಉಳಿಸಿಕೊಂಡೇ ಸೋಲಬಹುದಿತ್ತು.

1990ರ ಜುಲೈಯಲ್ಲಿ, ರೋಮ್‌ನ ತ್ರಸ್ತೆವೆರೆ ಬಡಾವಣೆಯ ಹಳೆಯ ಕಾನ್ವೆಂಟಿನಲ್ಲಿ ಮೊದಲ ಸುತ್ತು ನಡೆಯಿತು. ಸರ್ಕಾರದ ತಂಡಕ್ಕೆ ಅರ್ಮಾಂದೊ ಗೆಬೂಜಾ, ರೆನಾಮೊ ತಂಡಕ್ಕೆ ರಾವುಲ್ ದೊಮಿಂಗುಸ್ ಮುಖ್ಯಸ್ಥರು. ರಿಕ್ಕಾರ್ದಿ, ಯುವ ಪಾದ್ರಿ ಮತ್ತೆಯೊ ಜುಪ್ಪಿ, ಗೊನ್ಸಾಲ್ವೆಸ್ ಮತ್ತು ಇಟಲಿ ಸರ್ಕಾರದ ಪರವಾಗಿ ಮಾರಿಯೊ ರಫಾಯೆಲ್ಲಿ ನಡುವೆ ಕುಳಿತರು. ಆ ಸುತ್ತಿನ ಕೊನೆಗೆ ಹೊರಬಿದ್ದ ಹೇಳಿಕೆಯಲ್ಲಿ ಕದನವಿರಾಮದ ಮಾತೇ ಇರಲಿಲ್ಲ. ತಾವು ಪರಸ್ಪರ ಸ್ವದೇಶಬಾಂಧವರು, ಒಂದೇ ಮೊಜಾಂಬಿಕ್ ಕುಟುಂಬದ ಸದಸ್ಯರು ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಅಂದಿನಿಂದ ಸಹಿ ಬೀಳುವವರೆಗೆ 27 ತಿಂಗಳು ಹಿಡಿಯಿತು. ಮಾತು ಎಷ್ಟು ಸಲ ಮುರಿದರೂ ಆತಿಥೇಯರು ಕೈಚೆಲ್ಲಲಿಲ್ಲ. ದಕ್ಷಿಣ ಆಫ್ರಿಕದ ಬೆಂಬಲ ಬತ್ತಿದ್ದು, ಶೀತಲ ಸಮರ ಮುಗಿದದ್ದು, 1991–92ರ ಭೀಕರ ಬರದಲ್ಲಿ ಎರಡೂ ಸೇನೆಗಳಿಗೆ ಉಣ್ಣಲು ಇಲ್ಲದಂತಾದದ್ದು ಇವೆಲ್ಲ ಸೇರದಿದ್ದರೆ ಪ್ರಾರ್ಥನೆಯೊಂದರಿಂದಲೇ ಈ ಒಪ್ಪಂದ ಆಗುತ್ತಿರಲಿಲ್ಲ ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು.

ನಂತರದ ಎರಡು ವರ್ಷ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಅಲ್ಲಿತ್ತು. ಭಾರತೀಯ ಸೇನೆಯ ಇಂಜಿನಿಯರ್ ತುಕಡಿಯೂ ಅದರಲ್ಲಿತ್ತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಬಂದೂಕು ಒಪ್ಪಿಸಿ, ಎರಡು ವರ್ಷಗಳ ಭತ್ಯೆಯ ಭರವಸೆ ಪಡೆದು ಮನೆಗೆ ಹೋದರು. ಮನೆ ಸೇರಿದ ಮೇಲೆ ಏನಾಯಿತೆಂಬುದನ್ನು ಅಲ್ಲಿದ್ದು ಬಂದವರು ಹೇಳಲಿ.

ಉತ್ತರ: ಕಡಲತಡಿ

ನಾನು ಮಂಗಳೂರಿನ ಕಡೆಯವನು. ಯುದ್ಧ ಮುಗಿದು ಹಲವು ವರ್ಷಗಳಾದ ಮೇಲೆ ಸೊಫಾಲಾ ಪ್ರಾಂತದ ಒಂದು ಮಿಷನ್ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ನನ್ನ ಮಾತಿನಲ್ಲಿ ಸ್ವಲ್ಪ ಕಂಡದ್ದು, ಹೆಚ್ಚಿನದು ಸಹೋದ್ಯೋಗಿಗಳಿಂದ ಕೇಳಿದ್ದು ಮತ್ತು ಅಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞರು ದಾಖಲಿಸಿದ್ದು.

ಹೊರಗಿನವರು ಕೇಳುವ ಮೊದಲ ಪ್ರಶ್ನೆ, ಜನ ಹೇಗೆ ಕ್ಷಮಿಸಿದರು ಎಂಬುದು. ಅಲ್ಲಿಯವರು ಕೇಳಿಕೊಂಡ ಪ್ರಶ್ನೆ ಬೇರೆಯಾಗಿತ್ತು. ಕೊಂದವನ ಬೆನ್ನಿಗೆ ಕೊಲ್ಲಲ್ಪಟ್ಟವನ ಆತ್ಮ ಬರುತ್ತದೆ. ಸರಿಯಾದ ಸಂಸ್ಕಾರವಿಲ್ಲದೆ ಬಯಲಿನಲ್ಲಿ ಬಿದ್ದ ಹೆಣದ ಆತ್ಮ ಕೊಂದವನನ್ನು ಮಾತ್ರವಲ್ಲ, ಅವನ ಮನೆಯವರನ್ನೂ ನೆರೆಹೊರೆಯನ್ನೂ ಕಾಡುತ್ತದೆ. ಬರಿಯ ನೋಡುಗನಾಗಿದ್ದವನಿಗೂ ಆ ಮೈಲಿಗೆ ತಟ್ಟುತ್ತದೆ. ಹಾಗಾಗಿ ಯುದ್ಧದಿಂದ ಬಂದವನನ್ನು ಏನು ಮಾಡಬೇಕೆಂಬುದು ಅವನೊಬ್ಬನ ಪಾಪಪುಣ್ಯದ ವಿಷಯವಾಗಿರಲಿಲ್ಲ. ಇಡೀ ಕುಟುಂಬದ ಆರೋಗ್ಯದ ವಿಷಯವಾಗಿತ್ತು. ದಕ್ಷಿಣದ ಪ್ರಾಂತಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಗಾಜಾ ಸಾಮ್ರಾಜ್ಯದ ಯುದ್ಧಗಳಲ್ಲಿ ಸತ್ತ ನ್ಡಾವು ಯೋಧರ ಆತ್ಮಗಳು ಇಂದಿಗೂ ಮನೆತನಗಳನ್ನು ಕಾಡುತ್ತವೆಂದು ನಂಬುವ ಜನ ಅವರು. ತೀರದ ಯುದ್ಧ ಮೊಮ್ಮಕ್ಕಳ ತಲೆಗೆ ಬರುತ್ತದೆಂಬುದು ಅವರಿಗೆ ಹೊಸ ವಿಚಾರವಾಗಿರಲಿಲ್ಲ.

ರೆನಾಮೊ ಹೊತ್ತೊಯ್ದು ಬಂದೂಕು ಹಿಡಿಸಿದ್ದ ಹುಡುಗ ಮರಳಿದಾಗ ನಡೆಯುತ್ತಿದ್ದ ಒಂದು ವಿಧಿ ದಕ್ಷಿಣದಲ್ಲಿ ಚೆನ್ನಾಗಿ ದಾಖಲಾಗಿದೆ. ಬಂದ ದಿನ ಮನೆಯ ಹಿರಿಯ ಅವನನ್ನು ಪಿತೃಗಳ ಗುಡಿಸಲಿಗೆ ಕರೆದೊಯ್ದು, ಮಗು ಜೀವಂತವಾಗಿ ಮರಳಿತೆಂದು ಪೂರ್ವಜರಿಗೆ ತಿಳಿಸಿ ಕೃತಜ್ಞತೆ ಹೇಳುತ್ತಾನೆ. ಕೆಲವು ದಿನಗಳ ನಂತರ ಕುರಾಂದೇರು, ಅಂದರೆ ನಾಟಿ ವೈದ್ಯ, ಬರುತ್ತಾನೆ. ಊರ ಹೊರಗೆ ಒಣಹುಲ್ಲಿನ ಒಂದು ಪುಟ್ಟ ಗುಡಿಸಲು ಕಟ್ಟುತ್ತಾರೆ. ಶಿಬಿರದಿಂದ ತಂದ ಕೊಳಕು ಬಟ್ಟೆಯನ್ನೇ ತೊಟ್ಟು ಹುಡುಗ ಒಳಗೆ ಹೋಗಿ, ಅದನ್ನು ಅಲ್ಲೇ ಕಳಚಿ, ಬರಿಮೈಯಲ್ಲಿ ಹೊರಗೆ ಬರುತ್ತಾನೆ. ಹಿರಿಯನೊಬ್ಬ ಗುಡಿಸಲಿಗೆ ಬೆಂಕಿ ಇಡುತ್ತಾನೆ. ಬಟ್ಟೆಯೂ, ಶಿಬಿರದಿಂದ ಬಂದ ಪ್ರತಿಯೊಂದು ವಸ್ತುವೂ ಅದರಲ್ಲಿ ಸುಡಬೇಕು. ಕೋಳಿ ಕೊಯ್ದು ಪಿತೃಗಳಿಗೆ ರಕ್ತ ಸಲ್ಲಿಸುತ್ತಾರೆ. ಗಿಡಮೂಲಿಕೆಯ ಹೊಗೆ ಕುಡಿಸಿ, ಮೂಲಿಕೆಯ ನೀರಿನಲ್ಲಿ ಮೈ ತೊಳೆಯುತ್ತಾರೆ. ಇಷ್ಟರ ನಡುವೆ ನೀನು ಎಷ್ಟು ಜನರನ್ನು ಕೊಂದೆ ಎಂದು ಯಾರೂ ಅವನನ್ನು ಕೇಳುವುದಿಲ್ಲ. ಕೇಳಿದರೆ, ಹೇಳಿದರೆ, ಆ ಆತ್ಮಗಳಿಗೆ ಮತ್ತೆ ಬಾಗಿಲು ತೆರೆದಂತಾಗುತ್ತದೆ. ನೋವನ್ನು ಮಾತಿನಲ್ಲಿ ಹೊರಹಾಕಿದರೆ ವಾಸಿಯಾಗುತ್ತದೆಂದು ಕಲಿತು ಬಂದಿದ್ದ ವಿದೇಶಿ ಮನಶ್ಶಾಸ್ತ್ರಜ್ಞರಿಗೆ ಇದು ತುಂಬ ಕಸಿವಿಸಿ ಉಂಟುಮಾಡಿತು.

ಇದರಿಂದ ನಿಜವಾಗಿ ಪ್ರಯೋಜನವಾಯಿತೇ? 1988ರಲ್ಲಿ ಮಪುಟೊ ನಗರದ ಲ್ಯಾಂಗೆನೆ ಎಂಬ ಆಶ್ರಯಧಾಮಕ್ಕೆ ಕರೆತಂದ 39 ಬಾಲಸೈನಿಕರನ್ನು ಸಂಶೋಧಕರು ಹದಿನಾರು ವರ್ಷ ಬಿಡದೆ ಹಿಂಬಾಲಿಸಿದರು. ಬಂದಾಗ ಅವರ ವಯಸ್ಸು ಆರರಿಂದ ಹದಿನಾರು. ದೊಡ್ಡವರಾದ ಮೇಲೆ ಬಹುಪಾಲು ಜನ ದುಡಿಯುವವರೂ ಒಳ್ಳೆಯ ಗಂಡಂದಿರೂ ಮಕ್ಕಳನ್ನು ಶಾಲೆಗೆ ಕಳಿಸುವ ತಂದೆಯರೂ ಆಗಿದ್ದರು. ಕೆಟ್ಟ ಕನಸುಗಳು ಮಾತ್ರ ಬಿಟ್ಟಿರಲಿಲ್ಲ. ಅವರಿಗೆ ನೆರವಾದದ್ದರಲ್ಲಿ ಕಸುಬಿನ ತರಬೇತಿ, ಊರು ಒಪ್ಪಿಕೊಂಡದ್ದು ಮತ್ತು ಈ ಶುದ್ಧಿವಿಧಿ ಮೂರೂ ಇದ್ದವು. ಶುದ್ಧಿಯನ್ನು ಒಂದನ್ನೇ ಬಿಡಿಸಿ ತೆಗೆದು ಅದೇ ಮದ್ದು ಎನ್ನುವುದು ತಪ್ಪಾಗುತ್ತದೆ.

ನನ್ನ ಒಬ್ಬ ಸಹೋದ್ಯೋಗಿಯ ಮನೆಯ ಕಥೆ ಹೇಳಬೇಕು. ಅವರ ಅಣ್ಣ ಸರ್ಕಾರದ ಸೇನೆಗೆ ಕಡ್ಡಾಯ ಭರ್ತಿಯಾಗಿದ್ದರು, ತಮ್ಮನನ್ನು ರೆನಾಮೊ ಹೊತ್ತೊಯ್ದಿತ್ತು. 1994ರಲ್ಲಿ ಇಬ್ಬರೂ ಕೆಲವು ವಾರಗಳ ಅಂತರದಲ್ಲಿ ಮನೆಗೆ ಬಂದರು. ಕುರಾಂದೇರು ಬಂದು ಇಬ್ಬರಿಗೂ ಶುದ್ಧಿ ಮಾಡುವವರೆಗೆ ತಾಯಿ ಅವರನ್ನು ಒಂದೇ ಸೂರಿನಡಿ ಮಲಗಲು ಬಿಡಲಿಲ್ಲ. ಒಬ್ಬನಿಗೆ ಚಿಕ್ಕಪ್ಪನ ಮನೆ, ಇನ್ನೊಬ್ಬನಿಗೆ ಮಾವಿನ ಮರದ ಕೆಳಗಿನ ಚಾಪೆ. ಅದಾದ ಮೊದಲ ಭಾನುವಾರ ಇಡೀ ಸಂಸಾರ ಚರ್ಚಿಗೆ ಹೋಗಿ ಪೂಜೆ ಹೇಳಿಸಿತು. ಆ ಊರಿನ ಉಪದೇಶಿಗೆ ಎರಡೂ ಗೊತ್ತಿತ್ತು, ಅವರು ಬೇಡವೆನ್ನಲಿಲ್ಲ. ಎಂಥ ಆಪತ್ತು ಎಲ್ಲಿಗೆ ಸೇರಿದ್ದೆಂಬುದರ ಬಗ್ಗೆ ಜನರಿಗೆ ಗೊಂದಲವಿರಲಿಲ್ಲ.

ಚರ್ಚು ಎಂದಾಗ ಕ್ಯಾಥೊಲಿಕರನ್ನಷ್ಟೇ ನೆನೆಯಬಾರದು. ಆಫ್ರಿಕನ್ನರೇ ಕಟ್ಟಿಕೊಂಡ ಝಿಯೋನ್ ಸಭೆಗಳು ಯುದ್ಧಕಾಲದಲ್ಲಿ ನಗರಗಳ ಅಂಚಿನ ನಿರಾಶ್ರಿತರ ನಡುವೆ ಬಹಳ ಬೆಳೆದವು. ವೈದ್ಯನಿಗೆ ಕೊಡಲು ಹಣವಿಲ್ಲದ, ಪಿತೃಗಳ ನೆಲದಿಂದ ಕಿತ್ತುಬಂದ ಬಡವರಿಗೆ ಅಲ್ಲಿ ಶುದ್ಧಿ ಅಗ್ಗವಾಗಿ ಸಿಗುತ್ತಿತ್ತು. ಬೈರಾದ ಕಡಲದಂಡೆಯಲ್ಲಿ ಬೆಳಗಿನ ಹೊತ್ತು ಬಿಳಿಯ ನಿಲುವಂಗಿ ತೊಟ್ಟ ಹೆಂಗಸರ ಸಾಲು ಹಾಡುತ್ತ ಅಲೆಗೆ ಇಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ: ಪ್ರವಾದಿ ಒಬ್ಬೊಬ್ಬರ ನೆತ್ತಿ ಹಿಡಿದು ಮುಳುಗಿಸುತ್ತಾನೆ, ದಡದಲ್ಲಿ ನಿಂತವರು ಡೋಲು ಬಾರಿಸುತ್ತಾರೆ, ಮೇಲೆ ಬಂದವರಿಗೆ ಇನ್ನೊಬ್ಬಳು ಒಣಬಟ್ಟೆ ಹೊದಿಸುತ್ತಾಳೆ.

ಉತ್ತರ: ವಕಾಲತ್ತು

ಮೇಲಿನ ಎರಡೂ ಉತ್ತರಗಳನ್ನು ಗೌರವದಿಂದ ಓದಿದೆ. ಆದರೆ ಪ್ರಶ್ನೆಯ ಕೊನೆಯ ಭಾಗವನ್ನು ಇಬ್ಬರೂ ಬಿಟ್ಟಿದ್ದಾರೆ, ಅದನ್ನು ನಾನು ಬಿಡಲಾರೆ.

ಕ್ಷಮಾದಾನದ ಕಾನೂನು ಬಂದಾಗ ಒಮೋಯಿನೆಯಲ್ಲಿ ಕುಟುಂಬ ಕಳೆದುಕೊಂಡವರನ್ನು ಯಾರೂ ಕೇಳಲಿಲ್ಲ. ಯಾರಿಗೆ ಕ್ಷಮೆ ಬೇಕಿತ್ತೋ ಅವರೇ ಎರಡೂ ಕಡೆಯಿಂದ ರೋಮ್‌ನ ಮೇಜಿನ ಸುತ್ತ ಕುಳಿತಿದ್ದರು. ಪಾದ್ರಿಗಳ ನೈತಿಕ ಅಧಿಕಾರ ಇಲ್ಲಿ ಒಳ್ಳೆಯದನ್ನು ಮಾಡಿತೆಂಬುದನ್ನು ಒಪ್ಪುತ್ತೇನೆ. ಅದೇ ಅಧಿಕಾರ ಶಿಕ್ಷೆಯಿಲ್ಲದ ಒಪ್ಪಂದಕ್ಕೆ ಪವಿತ್ರತೆಯ ಮುದ್ರೆಯನ್ನೂ ಒತ್ತಿತು. ಸಂಧಾನಕ್ಕೆ ವಿರೋಧ ಹೇಳುವವನು ದೇವರಿಗೇ ವಿರೋಧ ಹೇಳಿದಂತಾಗುವ ವಾತಾವರಣದಲ್ಲಿ ನೊಂದವನು ಎಲ್ಲಿ ನಿಂತು ದೂರು ಹೇಳಬೇಕು?

ಎರಡನೆಯದಾಗಿ, ಶುದ್ಧಿವಿಧಿಯ ನಡುವೆ ಇದ್ದದ್ದು ಮರಳಿ ಬಂದ ಹುಡುಗ. ಅವನನ್ನು ಒಳಕ್ಕೆ ಕರೆದುಕೊಳ್ಳುವ ಮಾನವೀಯತೆ ನನಗೂ ಕಾಣುತ್ತದೆ, ಮತ್ತು ಹತ್ತು ವರ್ಷದ ಮಗುವನ್ನು ಕಟಕಟೆಗೆ ಏರಿಸಬೇಕೆಂದು ಯಾವ ವಕೀಲನೂ ಹೇಳಲಾರ. ಆದರೆ ಶಿಬಿರಗಳಿಗೆ ಹೊತ್ತೊಯ್ದು ಯಾವನೋ ಸೈನಿಕನ ಹೆಂಡತಿಯಾಗಿ ಬಾಳಿಸಿದ ಹೆಣ್ಣುಮಕ್ಕಳ ಮಾತೇನು? ಸೇನೆಗಳನ್ನು ವಿಸರ್ಜಿಸುವಾಗ ಬಂದೂಕು ಒಪ್ಪಿಸಿದವನಿಗೆ ಭತ್ಯೆ ಸಿಕ್ಕಿತು. ಅವನಿಗೆ ನೀರು ಹೊತ್ತು, ಅಡುಗೆ ಮಾಡಿ, ಮಗು ಹೆತ್ತವಳ ಹೆಸರು ಬಹುಮಟ್ಟಿಗೆ ಯಾವ ಪಟ್ಟಿಗೂ ಸೇರಲಿಲ್ಲ. ಅವಳು ಮಗುವಿನೊಡನೆ ತವರಿಗೆ ಮರಳಿದಾಗ ಯಾರೂ ಏನೂ ಕೇಳಬಾರದೆಂಬ ನಿಯಮ ಅವಳನ್ನು ಕಾಪಾಡಿತೋ ಅಥವಾ ಅವಳಿಗಾದದ್ದನ್ನು ಹೂತುಹಾಕಿತೋ?

ಉತ್ತರ: ಕಡಲತಡಿ

ವಕಾಲತ್ತು ಅವರ ಆಕ್ಷೇಪಣೆಯಲ್ಲಿ ಹೆಣ್ಣುಮಕ್ಕಳ ಬಗ್ಗೆ ಹೇಳಿದ ಪ್ರತಿಯೊಂದು ಮಾತನ್ನೂ ಒಪ್ಪುತ್ತೇನೆ. ಯಾರೂ ಬಾಯಿ ಬಿಡಲಿಲ್ಲ ಎಂಬ ತೀರ್ಮಾನವನ್ನು ಮಾತ್ರ ಒಪ್ಪುವುದಿಲ್ಲ. ನಾನಿದ್ದ ಸೊಫಾಲಾ ಪ್ರಾಂತದಲ್ಲೇ, ಗೊರೊಂಗೊಸಾ ಬೆಟ್ಟದ ತಪ್ಪಲಿನಲ್ಲಿ, ಮಾತು ಬೇರೊಂದು ದಾರಿಯಿಂದ ಹೊರಬಂತು.

ಗೊರೊಂಗೊಸಾ ಎರಡೂ ಸೇನೆಗಳ ನಡುವೆ ಸಿಕ್ಕು ನಲುಗಿದ ಸೀಮೆ. ಅಲ್ಲಿ ಅಕ್ಕಪಕ್ಕದ ಮನೆಯವರೇ ಒಬ್ಬರನ್ನೊಬ್ಬರು ಹಿಡಿದುಕೊಟ್ಟಿದ್ದರು, ಒಂದೇ ಮನೆತನದೊಳಗೆ ಕೊಲೆಗಳಾಗಿದ್ದವು. ಯುದ್ಧದ ನಂತರ ಅಲ್ಲಿ ಗಾಂಬಾ ಎಂಬ ಆತ್ಮಗಳು ಮೈಮೇಲೆ ಬರತೊಡಗಿದವು. ಗಾಂಬಾ ಎಂದರೆ ಯುದ್ಧದಲ್ಲಿ ಅನ್ಯಾಯವಾಗಿ ಸತ್ತ ಸೈನಿಕನ ಆತ್ಮ. ಅದು ಹೆಚ್ಚಾಗಿ ಹೆಂಗಸರ ಮೈಮೇಲೆ ಬರುತ್ತದೆ. ಮಕ್ಕಳಾಗದೆ, ಮದುವೆ ಮುರಿದು, ಕಾಯಿಲೆ ವಾಸಿಯಾಗದೆ ನರಳುವ ಹೆಣ್ಣನ್ನು ಗಾಂಬಾ ವೈದ್ಯರ ಬಳಿ ಕರೆದೊಯ್ಯುತ್ತಾರೆ. ಡೋಲಿನ ಬಡಿತಕ್ಕೆ ಆತ್ಮ ಎದ್ದು ಅವಳ ಬಾಯಿಂದ ಮಾತನಾಡುತ್ತದೆ: ನನ್ನನ್ನು ಇಂಥ ಕಡೆ ಕೊಂದರು, ನಿನ್ನ ಮಾವನೋ ತಂದೆಯೋ ಕೊಂದ, ನನ್ನ ಹೆಣವನ್ನು ಹೂಳಲಿಲ್ಲ. ಆಪಾದನೆಗೆ ಗುರಿಯಾದ ಮನೆತನದವರು ಅಲ್ಲಿ ಹಾಜರಿರಬೇಕು. ಅವರು ಮೊದಲು ಅಲ್ಲಗಳೆಯುತ್ತಾರೆ, ವಾದಿಸುತ್ತಾರೆ, ಆತ್ಮ ಸಿಟ್ಟಾಗುತ್ತದೆ. ಕೊನೆಗೆ ನಡೆದದ್ದನ್ನು ಒಪ್ಪಿ ಪರಿಹಾರ ಕೊಡುವ ಮಾತಾಗದೆ ಅದು ಬಿಟ್ಟುಹೋಗುವುದಿಲ್ಲ. ತುಳುನಾಡಿನಲ್ಲಿ ದೈವದ ಮುಂದೆ ನ್ಯಾಯ ತೀರ್ಮಾನವಾಗುವುದನ್ನು ನೋಡಿ ಬೆಳೆದ ನನಗೆ ಇದರ ಗಾಂಭೀರ್ಯ ಅರ್ಥವಾಗಲು ತಡವಾಗಲಿಲ್ಲ.

ಹುಡುಗನ ಶುದ್ಧಿಯಲ್ಲಿ ಮಾತು ನಿಷಿದ್ಧ, ಗಾಂಬಾದಲ್ಲಿ ಮಾತೇ ಮದ್ದು. ಒಂದೇ ದೇಶದಲ್ಲಿ, ಒಂದೇ ಯುದ್ಧದ ನಂತರ ಎರಡೂ ಇದ್ದವು. ಮಪುಟೊದ ಸಂಸತ್ತು ಮುಚ್ಚಿದ ಕಡತವನ್ನು ಗೊರೊಂಗೊಸಾದ ಹೆಂಗಸರು ತಮ್ಮ ದೇಹದಲ್ಲಿ ತೆರೆದರು ಎಂದು ನಾನು ತಿಳಿಯುತ್ತೇನೆ. ಅದಕ್ಕೆ ಅವರು ಕಾಯಿಲೆ ಬೀಳಬೇಕಾಯಿತು, ಗಂಡಸರ ಅಪರಾಧದ ಹೊರೆಯನ್ನು ತಾವು ಹೊರಬೇಕಾಯಿತು. ಇದರಲ್ಲಿ ಹೊಗಳುವಂಥದ್ದು ನನಗೆ ಕಾಣುವುದಿಲ್ಲ. ಆದರೆ ಅವರು ಸುಮ್ಮನಿದ್ದರೆಂದು ಬರೆದರೆ ಅದು ಅವರಿಗೆ ಇನ್ನೊಂದು ಅನ್ಯಾಯ.

ಪ್ರತಿಕ್ರಿಯೆ: ಹೊಳೆದಂಡೆ

ಮೂವರಿಗೂ ಕೃತಜ್ಞತೆಗಳು. ಗಾಂಬಾ ವಿಷಯ ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಇರಲೇ ಇಲ್ಲ, ಅವಳಿಗೆ ತೋರಿಸುತ್ತೇನೆ. ಎರಡು ವಿಷಯ ಇನ್ನೂ ಉಳಿದಿವೆ. ಬಂದೂಕುಗಳನ್ನು ಕೊಟ್ಟು ಹೊಲಿಗೆ ಯಂತ್ರ ಪಡೆಯುವ ಚರ್ಚಿನ ಯೋಜನೆಯ ಬಗ್ಗೆ ಅವಳು ಬರೆದಿದ್ದಾಳೆ; ಅದರ ಪರಿಣಾಮ ಎಷ್ಟರಮಟ್ಟಿನದು? 2013ರಲ್ಲಿ ಮತ್ತೆ ಗುಂಡು ಹಾರಿತೆಂದೂ ಬರೆದಿದ್ದಾಳೆ. ಹಳ್ಳಿಗಳ ರಾಜಿ ಅಷ್ಟು ಆಳವಾಗಿದ್ದರೆ ಅದು ಏಕೆ ತಡೆಯಲಿಲ್ಲ?

ಉತ್ತರ: ಹಳೆಪುಟ

ಆಯುಧಗಳ ವಿಷಯ ಮೊದಲು. ವಿಶ್ವಸಂಸ್ಥೆಯ ಪಡೆ ಹೊರಟಾಗ ನೆಲದಡಿ, ಮನೆಯ ಸೂರಿನಲ್ಲಿ, ಕಾಡಿನಲ್ಲಿ ಲಕ್ಷಗಟ್ಟಲೆ ಆಯುಧಗಳು ಉಳಿದಿದ್ದವು. ಖಡ್ಗಗಳನ್ನು ನೇಗಿಲ ಗುಳಗಳಾಗಿ ಬಡಿಯುವರೆಂಬ ಯೆಶಾಯನ ಪ್ರವಾದನೆಯನ್ನು ಹಿಡಿದು ಆಂಗ್ಲಿಕನ್ ಬಿಷಪ್ ದಿನಿಸ್ ಸೆಂಗುಲಾನೆ ಮತ್ತು ಕ್ರೈಸ್ತ ಪರಿಷತ್ತು 1995ರಲ್ಲಿ ಈ ಯೋಜನೆಯನ್ನು ಆರಂಭಿಸಿದರು. ಬಂದೂಕು ತಂದವನ ಹೆಸರು ಕೇಳಿ ಪೊಲೀಸರಿಗೆ ಒಪ್ಪಿಸುವುದಿಲ್ಲ ಎಂಬುದು ಅದರ ಜೀವಾಳ. ಸರ್ಕಾರದ ಅಧಿಕಾರಿ ಈ ಮಾತು ಕೊಟ್ಟಿದ್ದರೆ ಜನ ನಂಬುತ್ತಿರಲಿಲ್ಲ. ಬದಲಿಗೆ ಗುದ್ದಲಿ, ಸೈಕಲ್, ಹೊಲಿಗೆ ಯಂತ್ರ, ಮಾಡಿಗೆ ಹೊದಿಸುವ ತಗಡು ಸಿಗುತ್ತಿತ್ತು. 500 ಆಯುಧ ಒಪ್ಪಿಸಿದ ಒಂದು ಇಡೀ ಊರಿಗೆ ಟ್ರ್ಯಾಕ್ಟರ್ ಸಿಕ್ಕಿತು. ಕತ್ತರಿಸಿದ ತುಂಡುಗಳು ಮಪುಟೊ ನಗರದ ಕಲಾವಿದರಿಗೆ ಹೋದವು. ಕೆಸ್ಟರ್ ಎಂದೇ ಹೆಸರಾದ ಕ್ರಿಸ್ತೊವಾವ್ ಕನ್ಯಾವಾಟೊ 2001ರಲ್ಲಿ ಮಾಡಿದ ಆಯುಧಗಳ ಸಿಂಹಾಸನ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಚಿತ್ರವನ್ನು ತರಗತಿಯಲ್ಲಿ ತೋರಿಸಿ. ಬೆನ್ನೊರಗಿಗೆ ಪೋರ್ಚುಗೀಸರ ಹಳೆಯ ರೈಫಲುಗಳು; ಉಳಿದ ಭಾಗಗಳಲ್ಲಿ ಪೋಲೆಂಡ್, ಚೆಕೊಸ್ಲೊವಾಕಿಯ, ಉತ್ತರ ಕೊರಿಯಾಗಳಲ್ಲಿ ತಯಾರಾದವು. ಆಫ್ರಿಕದಲ್ಲಿ ತಯಾರಾದ ಒಂದೂ ಅದರಲ್ಲಿಲ್ಲ. ಮೇಲ್ತುದಿಯ ಹಿಡಿಗಳಲ್ಲಿ ಮೊಳೆಯ ತೂತುಗಳೂ ಪಟ್ಟಿಯ ಸೀಳೂ ಸೇರಿ ನಗುವ ಮುಖದಂತೆ ಕಾಣುತ್ತವೆ. ಕಲಾವಿದ ಅವನ್ನು ಕೆತ್ತಿದ್ದಲ್ಲ, ಬಂದೂಕಿನಲ್ಲಿ ಮೊದಲೇ ಇದ್ದದ್ದನ್ನು ಕಂಡು ಆರಿಸಿಕೊಂಡದ್ದು. ಮನೆಗಳಲ್ಲಿ ಅಡಗಿದ್ದ ಆಯುಧಗಳ ಮಟ್ಟಿಗೆ ಈ ಯೋಜನೆ ದೊಡ್ಡ ಕೆಲಸ ಮಾಡಿತು. ಆದರೆ ರೆನಾಮೊ ತನ್ನ ನಾಯಕನ ಕಾವಲಿಗೆಂದು ಉಳಿಸಿಕೊಂಡಿದ್ದ ಸಶಸ್ತ್ರ ಪಡೆಗೆ ಹೊಲಿಗೆ ಯಂತ್ರ ಬೇಕಿರಲಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಅಲ್ಲಿಂದಲೇ ಶುರುವಾಗುತ್ತದೆ. 1994ರ ಚುನಾವಣೆಯಲ್ಲಿ ರೆನಾಮೊ 250 ಸ್ಥಾನಗಳ ಪೈಕಿ 112 ಗೆದ್ದಿತ್ತು. ನಂತರದ ವರ್ಷಗಳಲ್ಲಿ ಮತ ಎಣಿಕೆಯ ಮೇಲಿನ ಅನುಮಾನ, ಪ್ರಾಂತಗಳ ಆಡಳಿತದಲ್ಲಿ ಪಾಲಿಲ್ಲದಿರುವುದು, ಸೇನೆಯಲ್ಲಿ ತನ್ನವರನ್ನು ಮೂಲೆಗೆ ತಳ್ಳಿದ್ದು ಸೇರಿ ಅದರ ಅಸಮಾಧಾನ ಬೆಳೆಯಿತು. 2012ರಲ್ಲಿ ಡ್ಲಾಕಾಮಾ ಮತ್ತೆ ಗೊರೊಂಗೊಸಾ ಬೆಟ್ಟ ಸೇರಿದರು, 2013ರ ಅಕ್ಟೋಬರ್‌ನಲ್ಲಿ ಸೇನೆ ಅವರ ನೆಲೆಯ ಮೇಲೆ ದಾಳಿ ಮಾಡಿತು. ಆಗ ಅಧ್ಯಕ್ಷರಾಗಿದ್ದವರು ರೋಮ್‌ನಲ್ಲಿ ಸರ್ಕಾರದ ತಂಡವನ್ನು ಮುನ್ನಡೆಸಿದ್ದ ಅದೇ ಗೆಬೂಜಾ. ಹಳ್ಳಿಗಳು ತಮ್ಮೊಳಗೆ ಮಾಡಿಕೊಂಡ ರಾಜಿ ಮುರಿದು ಈ ಜಗಳ ಹುಟ್ಟಲಿಲ್ಲ. ಅಧಿಕಾರ ಹಂಚಿಕೊಳ್ಳದ ಎರಡು ಪಕ್ಷಗಳ ನಡುವೆ ಹುಟ್ಟಿತು. ಅಲ್ಲಿಗೆ ಕುರಾಂದೇರು ಮುಟ್ಟುವಂತಿರಲಿಲ್ಲ, ಗಾಂಬಾ ಡೋಲಿಗೂ ಆ ನಾಯಕರು ಹಾಜರಾಗಬೇಕಾಗಿರಲಿಲ್ಲ. ಈ ಒಂದು ಅಂಶದಲ್ಲಿ ವಕಾಲತ್ತು ಅವರ ಜೊತೆ ನಾನು ಪೂರ್ತಿ ಇದ್ದೇನೆ: ಮೇಲಿನವರು ತಾವು ಮಾಡಿದ್ದಕ್ಕೆ ಯಾವ ಸಭೆಯ ಮುಂದೆಯೂ ಉತ್ತರ ಕೊಡದೆ ಉಳಿದರು.

ಆಗಲೂ ನಡುವೆ ಹೋದವರಲ್ಲಿ ಸೆಂಗುಲಾನೆ ಇದ್ದರು, ಒಬ್ಬ ಮುಸ್ಲಿಂ ಧರ್ಮಗುರುವೂ ಇದ್ದರು. 2014ರ ಸೆಪ್ಟೆಂಬರ್ ಒಪ್ಪಂದ ಬಹುಕಾಲ ನಿಲ್ಲಲಿಲ್ಲ. 2018ರ ಮೇ ತಿಂಗಳಲ್ಲಿ ಡ್ಲಾಕಾಮಾ ತೀರಿಕೊಂಡರು. 2019ರ ಆಗಸ್ಟ್ 6ರಂದು ಮಪುಟೊದಲ್ಲಿ ಹೊಸ ಒಪ್ಪಂದವಾಯಿತು, 2023ರ ಜೂನ್‌ನಲ್ಲಿ ರೆನಾಮೊದ ಕೊನೆಯ ಸೇನಾನೆಲೆ ಮುಚ್ಚಿತು. ಅಷ್ಟರಲ್ಲಿ ದೂರದ ಉತ್ತರದ ಕಾಬೊ ದೆಲ್ಗಾದೊ ಪ್ರಾಂತದಲ್ಲಿ 2017ರಿಂದ ಬೇರೊಂದು ಸಶಸ್ತ್ರ ಸಂಘರ್ಷ ಹೊತ್ತಿಕೊಂಡಿತ್ತು. ಅಲ್ಲಿ ಧರ್ಮದ ಹೆಸರು ಹೇಳಿ ಬಂದೂಕು ಹಿಡಿದವರ ವಿರುದ್ಧ ಮೊದಲು ಎಚ್ಚರಿಕೆ ಕೊಟ್ಟವರಲ್ಲಿ ಸ್ಥಳೀಯ ಮಸೀದಿಗಳ ಹಿರಿಯರೇ ಇದ್ದರು. ಆ ಮಾತಿಗೆ ಸಕಾಲದಲ್ಲಿ ಬೆಲೆ ಸಿಗಲಿಲ್ಲ.

ವಿದ್ಯಾರ್ಥಿನಿ ಪ್ರಬಂಧವನ್ನು ಮುಂದುವರಿಸುವುದಾದರೆ 2019ರ ಒಪ್ಪಂದದಡಿ ಮನೆಗೆ ಮರಳಿದ ಐದು ಸಾವಿರಕ್ಕೂ ಹೆಚ್ಚು ರೆನಾಮೊ ಹೋರಾಟಗಾರರನ್ನು ಗಮನಿಸಲಿ. ಅವರಲ್ಲಿ ಹಲವರು ಮೊದಲ ಯುದ್ಧದ ಕಾಲದಲ್ಲಿ ಹುಡುಗರಾಗಿದ್ದವರು, ಈಗ ತಲೆ ನರೆತವರು. ಈ ಸಲ ಅವರಿಗೆ ಎರಡು ವರ್ಷದ ಭತ್ಯೆಯ ಬದಲು ಪಿಂಚಣಿಯ ಮಾತು ಕೊಡಲಾಗಿದೆ, ಮತ್ತು ಪಟ್ಟಿಯಲ್ಲಿ ಹೆಂಗಸರ ಹೆಸರುಗಳೂ ಇವೆ.